ಥೈರಾಯ್ಡ್ ಮಷಿನ್ನಿನ ರಾಧಾಮಣಿ

ರಾಧಾಮಣಿಗೆ ಕೆಲಸ ಸಿಕ್ಕಿದ್ದು ಅಮ್ಮನ ಶುಗರ್ ಪರೀಕ್ಷೆ ಮಾಡಿಸಲು ಹೋದ ದಿನ. ಹೆಬ್ಬಾಳದ ಒಂದು ರಕ್ತಪರೀಕ್ಷೆಯ ಲ್ಯಾಬು ಅದು. ಕೆಳಗೆ ಔಷಧಿ ಅಂಗಡಿ, ಮೇಲೆ ನಾಲ್ಕು ಕೋಣೆ. ಅವತ್ತು ಪ್ರಿಂಟರ್ ಕೆಟ್ಟು ರಿಪೋರ್ಟಿಗೆ ಬಂದವರು ಮೆಟ್ಟಿಲ ತನಕ ನಿಂತು ಕೂಗಾಡುತ್ತಿದ್ದರು. ಕೌಂಟರಿನಲ್ಲಿದ್ದ ಹುಡುಗಿ ಇನ್ನೇನು ಅತ್ತುಬಿಡುವ ಹಾಗಿದ್ದಳು. ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ, ಮದುವೆಯಾಗಿ, ಏಳು ವರ್ಷದಿಂದ ಕೋಗಿಲಿನ ಮನೆಯಲ್ಲೇ ಇದ್ದ ರಾಧಾಮಣಿ "ನಾನೊಂದ್ಸಲ ನೋಡ್ಲಾ?" ಎಂದು ಕೇಳಿ ಒಳಗೆ ಹೋದಳು. ಹತ್ತು ನಿಮಿಷಕ್ಕೆ ಪ್ರಿಂಟರ್ ಓಡತೊಡಗಿತು. ಆ ಹುಡುಗಿ ಅವಳ ಕೈ ಹಿಡಿದು ಎಳೆದುಕೊಂಡೇ ಲ್ಯಾಬಿನ ಯಜಮಾನರಾದ ಡಾಕ್ಟರ ಕೋಣೆಗೆ ಹೋಗಿ, "ಸರ್, ಇವ್ರನ್ನ ಬಿಡ್ಬೇಡಿ" ಎಂದಳು. ಅವಳ ಹೆಸರು ರಾಣಿ.

ಆಮೇಲೆ ಹದಿನಾರು ವರ್ಷ ಇಬ್ಬರೂ ಮಧ್ಯಾಹ್ನದ ಊಟ ಒಟ್ಟಿಗೇ ಮಾಡಿದರು. ರಾಣಿ ಎರಡು ವರ್ಷ ಚಿಕ್ಕವಳು, ಆರ್.ಟಿ. ನಗರದವಳು, ಮಾತಿನಲ್ಲಿ ಚುರುಕು. ಕೌಂಟರಿನಿಂದ ಶುರುವಾದವಳು ಲ್ಯಾಬಿನ ಮ್ಯಾನೇಜರ್ ಆದಳು. ಆಗುವುದಕ್ಕೆ ಬೇಕಾದ ಕಂಪ್ಯೂಟರ್ ವಿದ್ಯೆಯನ್ನೆಲ್ಲ ರಾಧಾಮಣಿಯೇ ಹೇಳಿಕೊಟ್ಟಳು. ರಾಣಿಗೆ ಹೆರಿಗೆಯಾದಾಗ ಅವಳ ಗಂಡ ಊರಲ್ಲಿರಲಿಲ್ಲ. ಆಸ್ಪತ್ರೆಯಲ್ಲಿ ಜೊತೆಗಿದ್ದು, ಮಗುವನ್ನು ಮೊದಲು ಕೈಗೆತ್ತಿಕೊಂಡವಳು ರಾಧಾಮಣಿ. ಮ್ಯಾನೇಜರ್ ಆದಮೇಲೂ ರಾಣಿ ಎಲ್ಲರೆದುರಿಗೆ "ರಾಧಕ್ಕ" ಎಂದೇ ಕರೆಯುತ್ತಿದ್ದಳು. ರಾಧಾಮಣಿಗೆ ಅದೊಂದು ಹೆಮ್ಮೆ. ಅವಳ ಕೆಲಸ ಮಾತ್ರ ವರ್ಷವರ್ಷವೂ ನವೀಕರಿಸುವ ಗುತ್ತಿಗೆಯಲ್ಲೇ ಉಳಿದಿತ್ತು. ಅದನ್ನು ಅವಳು ದೊಡ್ಡದು ಮಾಡಲಿಲ್ಲ. ಡಿಸೆಂಬರ್ ಬಂದಾಗ ರಾಣಿಯೇ ಕಾಗದ ತಂದು ಮುಂದಿಡುತ್ತಿದ್ದಳು, ಇವಳು ಓದದೆ ಸಹಿ ಹಾಕುತ್ತಿದ್ದಳು.

ಲ್ಯಾಬಿನ ಹಿಂದಿನ ಕೋಣೆಯಲ್ಲಿ ಥೈರಾಯ್ಡ್ ಪರೀಕ್ಷೆಯ ಮಷಿನ್ ಇತ್ತು. ಅಡ್ಡ ಮಲಗಿಸಿದ ಬೀರುವಿನಷ್ಟು ದೊಡ್ಡದು. ಅದರ ಪಕ್ಕದ ಕಂಪ್ಯೂಟರಿನಲ್ಲಿ ಹದಿನಾಲ್ಕು ವರ್ಷದ ಹಿಂದಿನ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್. ಮಷಿನ್ ತಯಾರಿಸಿದ ಕಂಪನಿ ಬಾಗಿಲು ಹಾಕಿ ಎಷ್ಟೋ ಕಾಲವಾಗಿತ್ತು. ಕಂಪ್ಯೂಟರಿಗೆ ಹೊಸ ಲಿನಕ್ಸ್ ಹಾಕಿದರೆ ಮಷಿನ್ ಅದರ ಜೊತೆ ಮಾತೇ ಆಡುತ್ತಿರಲಿಲ್ಲ. ಸೀನಿಯರ್ ಟೆಕ್ನಿಷಿಯನ್ ನಾಸಿರ್ ಅದಕ್ಕೆ "ಬುಡ್ಡಾ" ಎಂದು, ಮುದುಕ ಎನ್ನುವ ಅರ್ಥದಲ್ಲಿ, ಹೆಸರಿಟ್ಟಿದ್ದ. ಬೆಳಿಗ್ಗೆ ಬಂದವನೇ ಅದರ ಬೆನ್ನು ತಟ್ಟಿ, "ಏಳಪ್ಪ ಬುಡ್ಡಾ, ಜನ ಬಂದ್ರು" ಅನ್ನುವುದು ಅವನ ಅಭ್ಯಾಸ.

ಬುಡ್ಡಾ ಕೊಟ್ಟ ಫಲಿತಾಂಶವನ್ನು, ರಿಪೋರ್ಟನ್ನು ಫೋನಿಗೆ ತಲುಪಿಸುವ ಹೊರಗಿನವರ ಸರ್ವರಿಗೆ ಕಳಿಸುವ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ, ರಾಧಾಮಣಿಯದು. ಕಂಪ್ಯೂಟರಿನಲ್ಲೇ ಇದ್ದ ಹಳೆಯ ಪೈಥಾನ್ ಭಾಷೆಯಲ್ಲಿ ಅವಳು ಬರೆದಿದ್ದ ಇನ್ನೂರು ಚಿಲ್ಲರೆ ಸಾಲು. ಅಷ್ಟು ವರ್ಷ ಅದು ಒಂದು ದಿನವೂ ತಪ್ಪಿರಲಿಲ್ಲ. ಎರಡು ವರ್ಷದ ಹಿಂದೆ, ಜೂನ್ ಕೊನೆಯಲ್ಲಿ, ಸರ್ವರಿನವರು ತಮ್ಮ ಬೀಗ ಬದಲಾಯಿಸಿದರು. ಹಳೆಯ ರೀತಿಯ ಸುರಕ್ಷತೆಯಲ್ಲಿ ಬಂದ ಯಾವ ಸಂದೇಶವನ್ನೂ ಇನ್ನು ಮುಟ್ಟುವುದಿಲ್ಲ ಎಂದರು. ಹಳೆಯ ಪೈಥಾನಿಗೆ ಹೊಸ ಬೀಗದ ಕೈ ಗೊತ್ತಿರಲಿಲ್ಲ. ದಿನಕ್ಕೆ ನೂರೈವತ್ತು ಫಲಿತಾಂಶಗಳನ್ನು ಕೈಯಲ್ಲಿ ಟೈಪ್ ಮಾಡುವ ಪಾಡು ಬಂತು. ಮೂರನೇ ದಿನವೇ ನಾಲ್ಕೂವರೆ ಇದ್ದದ್ದು ನಲವತ್ತೈದಾಗಿ ಹೋಗಿ, ಬಸುರಿ ಹೆಂಗಸೊಬ್ಬಳು ಗಂಡನೊಂದಿಗೆ ಓಡಿಬಂದು ಮೆಟ್ಟಿಲ ಮೇಲೆ ಕುಸಿದು ಕೂತಳು.

ಅದೇ ವಾರ ರಾಧಾಮಣಿಗೆ ಸೋಲದೇವನಹಳ್ಳಿಯ ಕಾಲೇಜೊಂದರಿಂದ ಪತ್ರ ಬಂದಿತ್ತು. ಕಂಪ್ಯೂಟರ್ ಲ್ಯಾಬಿನ ಇನ್‌ಸ್ಟ್ರಕ್ಟರ್ ಹುದ್ದೆ, ಖಾಯಂ. ಜುಲೈ ಹತ್ತರೊಳಗೆ ಸೇರಬೇಕು. ಅವಳು ಪತ್ರವನ್ನು ಮೊದಲು ತೋರಿಸಿದ್ದು ಗಂಡನಿಗೆ, ಆಮೇಲೆ ರಾಣಿಗೆ.

ರಾಣಿ ಪತ್ರ ಓದಿ ಮಡಿಸಿ ಮೇಜಿನ ಮೇಲಿಟ್ಟಳು. "ರಾಧಕ್ಕ, ಈಗ ನೀನ್ ಹೋದ್ರೆ ಬುಡ್ಡಾ ಕಥೆ ಮುಗೀತು. ಡಾಕ್ಟರು ಇನ್ನೂ ಐದು ವರ್ಷ ಅದನ್ನೇ ಓಡಿಸ್ಬೇಕು ಅಂತಿದಾರೆ. ನೀನು ಹೆಂಗಾದ್ರೂ ಸರಿ ಮಾಡ್ತೀಯ ಅಂತ ನಾನು ಮಾತು ಕೊಟ್ಬಿಟ್ಟಿದೀನಿ."

"ಮಧ್ಯದಲ್ಲಿ ಒಂದು ಹೊಸ ಕಂಪ್ಯೂಟರ್ ಇಟ್ಬಿಡೋಣ ಕಣೆ. ಅದು ಇದರಿಂದ ತಗೊಂಡು ಆ ಕಡೆ ಕಳ್ಸುತ್ತೆ. ಒಂದು ವಾರದ ಕೆಲಸ."

"ಈಗ ಏನೂ ಹೊಸದು ತಗೊಳ್ಳೋದು ಬೇಡ ಅಂತಾರೆ ಡಾಕ್ಟರು. ಇರೋದರಲ್ಲೇ ಮಾಡು. ಆ ಮಷಿನ್ ಇರೋವರ್ಗೂ ನೀನ್ ಇರ್ತೀಯ. ಈ ಡಿಸೆಂಬರಲ್ಲಿ ನಿನ್ನ ಖಾಯಂ ಮಾಡ್ಸೋದು ನನ್ ಜವಾಬ್ದಾರಿ. ನನ್ ಮೇಲೆ ನಂಬಿಕೆ ಇಲ್ವಾ?"

ರಾಧಾಮಣಿ ಪತ್ರವನ್ನು ಬ್ಯಾಗಿಗೆ ಹಾಕಿಕೊಂಡಳು. ಅವಳ ಗಂಡ ಸುಬ್ರಮಣಿಗೆ ಕೋಗಿಲು ಕ್ರಾಸಿನಲ್ಲಿ ಬೋರ್‌ವೆಲ್ ಮೋಟಾರು ರಿವೈಂಡಿಂಗ್ ಮಾಡುವ ಅಂಗಡಿ. ಅವನು ತಾಮ್ರದ ತಂತಿ ಸುತ್ತುತ್ತಲೇ, "ಖಾಯಂ ಕೆಲ್ಸ ಕಣೆ ಅದು. ಇನ್ನೊಂದ್ಸಲ ಯೋಚ್ನೆ ಮಾಡು" ಎಂದ. "ರಾಣಿ ಹೇಳಿದಾಳೆ" ಎಂದಳು ಇವಳು. ಮರುದಿನ ಕಾಲೇಜಿಗೆ ಫೋನ್ ಮಾಡಿ, ಬರಲಾಗುವುದಿಲ್ಲ, ಕ್ಷಮಿಸಿ ಎಂದಳು.

ಹೊಸ ಪೈಥಾನನ್ನು ಆ ಕಂಪ್ಯೂಟರಿಗೆ ಸಿದ್ಧ ರೂಪದಲ್ಲಿ ಕೊಡುವವರು ಯಾರೂ ಇರಲಿಲ್ಲ. ಅಷ್ಟು ಹಳೆಯ ಲಿನಕ್ಸಿಗೆ ಯಾರು ತಯಾರು ಮಾಡಿ ಇಟ್ಟಾರು? ಮೂಲ ಕೋಡನ್ನೇ ತಂದು, ಅಲ್ಲಿಯೇ ಕಂಪೈಲ್ ಮಾಡಿ, ಆ ಯಂತ್ರದ ಅಳತೆಗೆ ಕಟ್ಟಿಕೊಳ್ಳಬೇಕು. ಬೆಳಗಿನ ಸ್ಯಾಂಪಲ್‌ಗಳೆಲ್ಲ ಮುಗಿದು ಮಧ್ಯಾಹ್ನ ಎರಡರಿಂದ ಐದರವರೆಗೆ ಬುಡ್ಡಾ ಖಾಲಿ ಇರುತ್ತಿತ್ತು. ಆ ಮೂರು ಗಂಟೆ ಇವಳದು. ನಾಸಿರ್ ತನ್ನ ಸ್ಟೂಲ್ ಬಿಟ್ಟುಕೊಟ್ಟ.

ಹಳೆಯ ಪೈಥಾನನ್ನು ಮುಟ್ಟುವಂತಿರಲಿಲ್ಲ. ಕಂಪ್ಯೂಟರಿನ ಅರ್ಧ ಕೆಲಸ ಅದನ್ನೇ ನೆಚ್ಚಿಕೊಂಡಿತ್ತು. ಹೊಸದನ್ನು ಬೇರೆ ಜಾಗದಲ್ಲಿ, ಬೇರೆ ಸಂಸಾರದ ಹಾಗೆ ಹೂಡಬೇಕು. ತೀರ ಹೊಸ ಪೈಥಾನನ್ನು ಅಲ್ಲಿದ್ದ, ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಹಳೆಯ ಕಂಪೈಲರ್ ಒಪ್ಪಲಿಲ್ಲ, ಮೂರನೇ ನಿಮಿಷಕ್ಕೇ ತಪ್ಪು ತಪ್ಪು ಎಂದು ಪುಟಗಟ್ಟಲೆ ಬರೆದು ನಿಂತಿತು. ಒಂದೊಂದೇ ವರ್ಷ ಹಿಂದಕ್ಕೆ ಹೋಗುತ್ತ, ಕಂಪೈಲರಿಗೆ ಅರಗುವಂಥ ಒಂದನ್ನು ಹುಡುಕಿದಳು. ಇಂಟರ್ನೆಟ್ಟಿನಿಂದ ನೇರ ಇಳಿಸಿಕೊಳ್ಳಲು ಅದೇ ಬೀಗದ ತೊಂದರೆ. ಮನೆಯ ಲ್ಯಾಪ್‌ಟಾಪಿನಲ್ಲಿ ಇಳಿಸಿ ಪೆನ್‌ಡ್ರೈವಿನಲ್ಲಿ ಹೊತ್ತು ತರಬೇಕು.

ಮೊದಲ ವಾರದ ಕೊನೆಗೆ ಪೈಥಾನ್ ಕಂಪೈಲ್ ಆಯಿತು. ನಲವತ್ತು ನಿಮಿಷ ಪರದೆಯ ಮೇಲೆ ಸಾಲುಗಳು ಹರಿದು ನಿಂತಾಗ ಅವಳು ನಾಸಿರನನ್ನು ಕೂಗಿ ಕರೆದಳು. ಅವನು ಬರುವಷ್ಟರಲ್ಲಿ ಕೊನೆಯ ನಾಲ್ಕು ಸಾಲು ಓದಿದ್ದಳು. ಕೆಲವು ಭಾಗಗಳನ್ನು ಕಟ್ಟಲಾಗಲಿಲ್ಲ, ಅವುಗಳಿಗೆ ಬೇಕಾದ್ದು ಇಲ್ಲಿ ಸಿಗಲಿಲ್ಲ ಎಂದಿತ್ತು. ಸಿಗದಿದ್ದ ಭಾಗ, ಅವಳಿಗೆ ಬೇಕಾಗಿದ್ದ ಆ ಸುರಕ್ಷತೆಯ ಭಾಗವೇ.

"ಏನ್ ಸಮಾಚಾರ ರಾಧಕ್ಕ, ಆಯ್ತಾ?"

"ಮನೆ ಎದ್ದಿದೆ ನಾಸಿರ್. ಬಾಗಿಲಿಲ್ಲ."

ಸುರಕ್ಷತೆಗೆ ಬೇಕಾದ ಓಪನ್‌ಎಸ್‌ಎಸ್‌ಎಲ್ ಅನ್ನು ಬೇರೆಯಾಗಿ ಕಂಪೈಲ್ ಮಾಡಹೊರಟರೆ, ಅದು ಪರ್ಲ್ ಎಂಬ ಇನ್ನೊಂದು ಭಾಷೆಯ ಹೊಸ ಆವೃತ್ತಿ ಕೇಳಿತು. ಅಲ್ಲಿದ್ದ ಪರ್ಲ್ ಹಳೆಯದು. ಸರಿ, ಮೊದಲು ಪರ್ಲ್. ಅದಕ್ಕೆ ನಾಲ್ಕು ದಿನ. ಪರ್ಲ್ ಮುಗಿದು ಓಪನ್‌ಎಸ್‌ಎಸ್‌ಎಲ್‌ಗೆ ಕೈಹಾಕಿದ ದಿನ ಕರೆಂಟ್ ಹೋಗಿ ಬಂತು. ಬಂದಾಗ ಕಂಪ್ಯೂಟರ್ ತಾನು ಎರಡು ಸಾವಿರದ ಒಂಬತ್ತರಲ್ಲಿದ್ದೇನೆ ಎಂದುಕೊಂಡಿತು. ಒಳಗಿನ ಗಡಿಯಾರದ ಬ್ಯಾಟರಿ ಸತ್ತಿತ್ತು. ಅವಳು ಅದೇ ವಾರ ತಂದು ಹಾಕಿದ ಫೈಲುಗಳನ್ನೆಲ್ಲ ನೋಡಿ, ಇವು ಮುಂದೆ ಎಂದೋ ಹುಟ್ಟಲಿರುವ ಫೈಲುಗಳು, ನಂಬಲಾರೆ ಎಂದು ಮೊದಲಿನಿಂದ ಕಂಪೈಲ್ ಮಾಡಲು ಕೂತಿತು. ಸುಬ್ರಮಣಿ ವಾಚಿನಂಗಡಿಯಿಂದ ಬಿಲ್ಲೆಯಂಥ ಬ್ಯಾಟರಿ ತಂದುಕೊಟ್ಟ. ಇವಳು ಹೊದಿಕೆ ಬಿಚ್ಚಿ ಹಾಕಿದಳು. ಸೀರೆಯ ಸೆರಗೆಲ್ಲ ಹದಿನಾಲ್ಕು ವರ್ಷದ ಧೂಳು.

ಜುಲೈ ಮುಗಿಯುವ ಹೊತ್ತಿಗೆ ಒಂದು ಉದ್ದ ನೋಟ್‌ಬುಕ್ ತುಂಬಿತ್ತು: ಯಾವುದಕ್ಕೆ ಯಾವುದು ಮೊದಲು, ಯಾವ ಆಜ್ಞೆ ಎಲ್ಲಿ ಮುಗ್ಗರಿಸಿತು, ಯಾವುದು ದಾಟಿತು. ಮೂರನೆಯ ಸಲ ಪೈಥಾನ್ ಕಂಪೈಲ್ ಆದಾಗ ಕೊನೆಯ ಸಾಲುಗಳಲ್ಲಿ ದೂರು ಇರಲಿಲ್ಲ. ಹಳೆಯ ಸ್ಕ್ರಿಪ್ಟನ್ನು ಹೊಸ ಪೈಥಾನಿಗೆ ತಿದ್ದಿ ಓಡಿಸಿದಳು. ಮೊದಲು ಹೋದ ರಿಪೋರ್ಟು ಹುಣಸಮಾರನಹಳ್ಳಿಯ ಮುನಿನಾರಾಯಣಮ್ಮನದು. ಕ್ಯಾನ್ಸರಿಗೆ ಥೈರಾಯ್ಡ್ ತೆಗೆಸಿಕೊಂಡು ಹನ್ನೆರಡು ವರ್ಷದಿಂದ ಮೂರು ತಿಂಗಳಿಗೊಮ್ಮೆ ತಪ್ಪದೆ ಬರುತ್ತಿದ್ದ ಮುದುಕಿ. ನಾಸಿರ್ ತನ್ನ ಫೋನಿನಲ್ಲಿ ರಿಪೋರ್ಟ್ ತೆರೆದು ತೋರಿಸಿ, "ಬಂತು! ಬಂತು ಕಣಕ್ಕ!" ಎಂದು ಕೂಗಿದ. ರಾಣಿ ಓಡಿಬಂದು ಅವಳನ್ನು ತಬ್ಬಿಕೊಂಡಳು. ಇಡೀ ಲ್ಯಾಬಿಗೆ ಬಾದಾಮ್ ಹಾಲು ತರಿಸಿದಳು.

ರಾಧಾಮಣಿ ತನ್ನ ಬದುಕಿನಲ್ಲಿ ಅಷ್ಟು ಸಂತೋಷಪಟ್ಟ ದಿನಗಳು ಕಡಿಮೆ. ಸಂಜೆ ಸುಬ್ರಮಣಿಯ ಅಂಗಡಿಯಲ್ಲಿ ಸ್ಟೂಲ್ ಮೇಲೆ ಕೂತು ಪರ್ಲಿನಿಂದ ಬ್ಯಾಟರಿಯ ತನಕ ಎಲ್ಲ ಹೇಳಿದಳು. ಅವನಿಗೆ ಅರ್ಧ ಅರ್ಥವಾಯಿತು. ಆದರೆ ಸುಟ್ಟ ಮೋಟಾರು ಮತ್ತೆ ತಿರುಗಿದಾಗ ಆಗುವ ಖುಷಿ ಅವನಿಗೆ ಗೊತ್ತಿತ್ತು. "ಬುಡ್ಡಂಗೆ ಜೀವ ಬಂತು ಅನ್ನು" ಎಂದು ನಕ್ಕ.

ಆಗಸ್ಟಿನಲ್ಲಿ ರಾಣಿ ಇನ್ನೊಂದು ಕೆಲಸ ಹೇಳಿದಳು. "ಹದಿನಾಲ್ಕು ವರ್ಷದ ಹಳೇ ರಿಸಲ್ಟ್ ಎಲ್ಲಾ ಹೊರಗೆ ತೆಗೆದು ಒಂದು ಕಡೆ ಇಡು. ಬ್ಯಾಕಪ್ಪಿಗೆ. ಕಾಲಂಗಳು ಹಿಂಗೇ ಇರ್ಬೇಕು ನೋಡು" ಎಂದು ಒಂದು ಹಾಳೆ ಕೊಟ್ಟಳು. ಬ್ಯಾಕಪ್ಪಿಗೆ ಇಷ್ಟು ಕಟ್ಟುನಿಟ್ಟು ಯಾಕೆ ಎಂದು ರಾಧಾಮಣಿಗೆ ಒಂದು ಕ್ಷಣ ಅನ್ನಿಸಿತು. ಕೇಳಲಿಲ್ಲ. ಹೊಸ ಪೈಥಾನ್ ಕೈಯಲ್ಲಿತ್ತಲ್ಲ, ಆ ಕೆಲಸ ಈಗ ನೀರು ಕುಡಿದಷ್ಟು ಸಲೀಸು. ಅಕ್ಟೋಬರಿನೊಳಗೆ ಎಲ್ಲ ತೆಗೆದು, ಒಂದೊಂದು ಸಂಖ್ಯೆಯನ್ನೂ ತಾಳೆ ನೋಡಿ ಇಟ್ಟಳು.

ದೀಪಾವಳಿ ಕಳೆದ ಸೋಮವಾರ ಲ್ಯಾಬಿನ ಮುಂದೆ ಲಾರಿ ನಿಂತಿತ್ತು. ಮರದ ಪೆಟ್ಟಿಗೆಯೊಂದು ಮೆಟ್ಟಿಲಿನಲ್ಲಿ ಹಿಡಿಸದೆ, ಕಿಟಕಿಯ ಚೌಕಟ್ಟು ಬಿಚ್ಚಿ ಹಗ್ಗ ಕಟ್ಟಿ ಮೇಲೆತ್ತುತ್ತಿದ್ದರು. ನಾಸಿರ್ ಬಾಗಿಲಲ್ಲೇ ಎದುರಾದ.

"ರಾಧಕ್ಕ, ಇದು ನಿಂಗೆ ಗೊತ್ತಿತ್ತಾ?"

"ಯಾವುದು?"

"ಹೊಸ ಥೈರಾಯ್ಡ್ ಮಷಿನ್. ಕಂಪ್ಯೂಟರೂ ಅವ್ರದೇ, ನೋಡ್ಕೊಳ್ಳೋ ಜನಾನೂ ಅವ್ರದೇ ಅಂತೆ. ಬುಡ್ಡಾನ ಶುಕ್ರವಾರ ತಗೊಂಡು ಹೋಗ್ತಾರಂತೆ. ನಂಗೂ ಈಗಲೇ ಗೊತ್ತಾಗಿದ್ದು, ನನ್ ಮಕ್ಕಳ ಮೇಲಾಣೆ."

ಪೆಟ್ಟಿಗೆಯ ಜೊತೆ ಬಂದ ಕಾಗದಗಳು ಕೌಂಟರಿನ ಮೇಲಿದ್ದವು. ಸಾಮಾನು ತಲುಪಿದ್ದಕ್ಕೆ ಯಾರಾದರೂ ಸಹಿ ಮಾಡಿ ಎಂದು ಲಾರಿಯವನು ಕಾಯುತ್ತಿದ್ದ. ರಾಧಾಮಣಿ ಕಾಗದ ತಿರುವಿದಳು. ಎರಡನೇ ಹಾಳೆಯಲ್ಲಿ ಲ್ಯಾಬು ಕೊಟ್ಟ ಆರ್ಡರಿನ ಪ್ರತಿ ಇತ್ತು. ದಿನಾಂಕ ಜೂನ್ ಹದಿನಾಲ್ಕು. ಕೆಳಗೆ ರಾಣಿಯ ದುಂಡನೆಯ ಸಹಿ. ಜೊತೆಗೇ ಟೈಪ್ ಮಾಡಿದ ಒಂದು ಷರತ್ತು: ಹಳೆಯ ಯಂತ್ರದ ಮಾಹಿತಿಯನ್ನು ಕೆಳಗಿನ ಕಾಲಂಗಳಂತೆ ಲ್ಯಾಬಿನವರೇ ತೆಗೆದುಕೊಡತಕ್ಕದ್ದು. ಆಗಸ್ಟಿನಲ್ಲಿ ತನಗೆ ಕೊಟ್ಟ ಹಾಳೆಯಲ್ಲಿದ್ದದ್ದು ಅವೇ ಕಾಲಂಗಳು.

ಕಾಲೇಜಿನ ಪತ್ರವನ್ನು ತಾನು ರಾಣಿಗೆ ತೋರಿಸಿದ್ದು ಜುಲೈ ಒಂದರಂದು. ಅವಳು ಆ ಲೆಕ್ಕವನ್ನು ಎರಡು ಸಲ ಹಾಕಿದಳು. ಎರಡು ಸಲವೂ ಹದಿನೇಳು ದಿನವೇ ಬಂತು. ಐದು ವರ್ಷ ಎಂದು ಹೇಳುವಾಗ ಐದು ತಿಂಗಳು ಎಂದು ರಾಣಿಗೆ ಗೊತ್ತಿತ್ತು. ಮಧ್ಯದಲ್ಲಿ ಒಂದು ಕಂಪ್ಯೂಟರ್ ಕೂಡ ಬೇಡ ಎಂದಿದ್ದು ಯಾಕೆ ಎನ್ನುವುದೂ ಆಗ ಹೊಳೆಯಿತು. ಬಿಸಾಡುವ ಮಷಿನ್ನಿಗೆ ಯಾರು ಖರ್ಚು ಮಾಡುತ್ತಾರೆ? ಖರ್ಚಿಲ್ಲದೆ ಐದು ತಿಂಗಳು ದಬ್ಬುವುದಕ್ಕೆ ರಾಧಾಮಣಿ ಇದ್ದಳಲ್ಲ.

ಮಧ್ಯಾಹ್ನ ಊಟದ ಮೂಲೆಯಲ್ಲಿ ರಾಣಿ ಎಂದಿನಂತೆ ಡಬ್ಬಿ ಬಿಚ್ಚಿಕೊಂಡು ಕೂತಿದ್ದಳು. ಆದರೆ ತಲೆ ಎತ್ತಲಿಲ್ಲ. ರಾಧಾಮಣಿ ಕೂರಲಿಲ್ಲ.

"ಜೂನಲ್ಲೇ ಆರ್ಡರ್ ಆಗಿತ್ತಂತೆ."

"ರಾಧಕ್ಕ, ಕೂತ್ಕೋ, ಹೇಳ್ತೀನಿ. ಡಾಕ್ಟರು ಯಾರಿಗೂ ಹೇಳ್ಬೇಡ ಅಂದಿದ್ರು. ನನ್ ಕೈಲಿ ಏನಿತ್ತು?"

"ಕಾಲೇಜಿನ ಕಾಗದ ನಿಮ್ ಕೈಲಿತ್ತು ಮೇಡಂ. ಓದಿ ಮಡಿಸಿಟ್ರಿ."

ಹದಿನಾರು ವರ್ಷದಲ್ಲಿ ಮೊದಲ ಸಲ ಬಂದ 'ಮೇಡಂ' ಕೇಳಿ ರಾಣಿಯ ಕೈ ತುತ್ತಿನಲ್ಲೇ ನಿಂತಿತು.

"ಹಂಗೆಲ್ಲ ಕರೀಬೇಡ ರಾಧಕ್ಕ. ಹೇಳಿದ್ರೆ ನೀನ್ ಹೊರಟೋಗ್ತಿದ್ದೆ. ಲ್ಯಾಬ್ ನಿಂತೋಗ್ತಿತ್ತು. ಎಲ್ಲಾ ಬಯ್ಗುಳ ನನ್ ತಲೆ ಮೇಲೆ ಬರ್ತಿತ್ತು."

"ಹೌದು, ಹೋಗ್ತಿದ್ದೆ. ಹೋಗೋಕೆ ನಂಗೊಂದು ಜಾಗ ಇತ್ತು."

"ಡಿಸೆಂಬರ್ ತನಕ ಇದೆಯಲ್ಲ ನಿಂದು. ಅಷ್ಟರಲ್ಲಿ ನಾನೇ ಎಲ್ಲಾದ್ರೂ ಹೇಳಿ..."

"ಖಾಯಂ ಮಾಡ್ಸೋದು ನನ್ ಜವಾಬ್ದಾರಿ ಅಂದಾಗ ನಿಮಗೆ ಗೊತ್ತಿತ್ತಾ, ಇಲ್ವಾ? ಅಷ್ಟು ಹೇಳಿ ಸಾಕು."

ರಾಣಿ ಡಬ್ಬಿಯ ಮುಚ್ಚಳ ಹಾಕಿದಳು. ಆಮೇಲೆ, "ಗೊತ್ತಿತ್ತು" ಎಂದಳು.

"ಡಾಕ್ಟರು ಬೇಡ ಅಂದಿದ್ದು ಒಂದ್ಸಲ. ನೀವು ದಿನಾ ನನ್ ಡಬ್ಬಿಯಿಂದ ಪಲ್ಯ ಹಾಕ್ಕೊಂಡು ತಿಂತಿದ್ರಿ. ಐದು ತಿಂಗಳು. ದಿನಾ."

ರಾಧಾಮಣಿಯ ಧ್ವನಿ ಏರಲಿಲ್ಲ. ಅವತ್ತು ಅವಳು ತಂದಿದ್ದ ಮುದ್ದೆ ಹಾಗೇ ಉಳಿಯಿತು.

ಸುಬ್ರಮಣಿಗೆ ವಿಷಯ ಗೊತ್ತಾದಾಗ ಅವನು ಕೈಯಲ್ಲಿದ್ದ ಸ್ಪ್ಯಾನರ್ ಎಸೆದ. "ಇಂಗಾ ಮಾಡೋದು? ಆ ಹಳೇ ರಿಸಲ್ಟು ಇರೋದು ನಿನ್ ಹತ್ರ ತಾನೆ? ಕೊಡ್ಬೇಡ. ಬಂದು ಕಾಲ್ ಇಡ್ಕೊಳ್ಳಿ."

ಅವಳಿಗೂ ಹಾಗೆ ಅನ್ನಿಸದೆ ಇರಲಿಲ್ಲ. ತೆಗೆದಿಟ್ಟ ಮಾಹಿತಿ ಇನ್ನೂ ಅವಳ ಪೆನ್‌ಡ್ರೈವಿನಲ್ಲಿ, ಬುಡ್ಡಾನ ಡಿಸ್ಕಿನಲ್ಲಿ ಮಾತ್ರ ಇತ್ತು. ಒಂದು ಆಜ್ಞೆ ಸಾಕು ಅಳಿಸಲು. ಎರಡು ದಿನ ಆ ಪೆನ್‌ಡ್ರೈವನ್ನು ಬ್ಯಾಗಿನಲ್ಲಿಟ್ಟುಕೊಂಡು ಓಡಾಡಿದಳು. ರಾಣಿ ಎರಡು ಸಲ ನಾಸಿರನ ಕೈಲಿ ಹೇಳಿಕಳಿಸಿದಳು. ತಾನು ಬಂದು ಕೇಳುವ ಧೈರ್ಯ ಮಾಡಲಿಲ್ಲ. ಆ ಎರಡು ದಿನ ರಾಧಾಮಣಿಗೆ ಒಂದು ಥರದ ಸಮಾಧಾನವೂ ಇತ್ತು ಎನ್ನುವುದನ್ನು ಮುಚ್ಚಿಡಬೇಕಿಲ್ಲ. ಬುಧವಾರ ಬೆಳಿಗ್ಗೆ ಮುನಿನಾರಾಯಣಮ್ಮ ರಕ್ತ ಕೊಡಲು ಬಂದಳು. ಹಳೆಯ ರಿಪೋರ್ಟುಗಳ ಒಂದು ಕಾಗದವೂ ಅವಳ ಹತ್ತಿರ ಇರಲಿಲ್ಲ. "ನಂದೆಲ್ಲಾ ನಿಮ್ ಕಂಪೂಟ್ರಲ್ಲೈತಲ್ಲವ್ವ" ಎಂದು ನಕ್ಕಳು.

ಮಧ್ಯಾಹ್ನ ರಾಧಾಮಣಿ ಪೆನ್‌ಡ್ರೈವನ್ನು ನಾಸಿರನಿಗೆ ಕೊಟ್ಟಳು. ಎಷ್ಟು ರೋಗಿಗಳದು, ಯಾವ ದಿನದಿಂದ ಯಾವ ದಿನದವರೆಗಿನದು ಎಂದು ಹಾಳೆಯಲ್ಲಿ ಬರೆದು, "ಸರಿಯಾಗಿ ಕೊಟ್ಟಿದೀನಿ ಅಂತ ನೀನ್ ಸಹಿ ಮಾಡು. ಅವ್ರ ಸಹಿ ನಂಗೆ ಬೇಡ" ಎಂದಳು. ನಾಸಿರ್ ಸಹಿ ಮಾಡಿದ. ಬುಡ್ಡಾನನ್ನು ಶುಕ್ರವಾರ ಗುಜರಿಯವನು ತಗಡಿನ ಲೆಕ್ಕದಲ್ಲಿ ಲಗೇಜ್ ಆಟೊದಲ್ಲಿ ಹಾಕಿಕೊಂಡು ಹೋದ. ಕಂಪ್ಯೂಟರನ್ನೂ ಕೂಡ. ಪರ್ಲು, ಓಪನ್‌ಎಸ್‌ಎಸ್‌ಎಲ್ಲು, ಮೂರು ಸಲ ಕಟ್ಟಿದ ಪೈಥಾನು ಎಲ್ಲ ಅದರೊಳಗೆ. ನೋಟ್‌ಬುಕ್ ಬೇಕೇ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಕೊಡುತ್ತಿರಲಿಲ್ಲವೇನೋ; ಆದರೆ ಕೇಳಲೇ ಇಲ್ಲ ಎನ್ನುವುದು ಅವಳಿಗೆ ಬಹಳ ನೋವು ಮಾಡಿತು. ತನ್ನ ಜೀವಮಾನದ ಅತಿ ಕಷ್ಟದ ಕೆಲಸವನ್ನು ಅವಳು ಯಾರಿಗೂ ಬೇಡದ ಡಬ್ಬದ ಮೇಲೆ ಮಾಡಿದ್ದಳು. ಬೇಡವೆಂದು ಗೊತ್ತಿದ್ದೇ ಅವಳಿಂದ ಮಾಡಿಸಿದ್ದರು.

ಕಾಲೇಜಿನ ಹುದ್ದೆಗೆ ಜುಲೈನಲ್ಲೇ ಬೇರೆಯವರು ಬಂದಿದ್ದರು. ಅವಳು ವಿಚಾರಿಸಿದಾಗ ಅಲ್ಲಿನವರು ಒಳ್ಳೆಯ ಮಾತಿನಲ್ಲೇ ಇಲ್ಲ ಎಂದರು. ಡಿಸೆಂಬರಿನಲ್ಲಿ ಗುತ್ತಿಗೆ ಮುಗಿದು, ನಾಲ್ಕು ತಿಂಗಳು ಮನೆಯಲ್ಲಿದ್ದು, ಸುಬ್ರಮಣಿಯ ಅಂಗಡಿಯ ಬಿಲ್ಲು ಬರೆದು, ಕೊನೆಗೆ ಯಲಹಂಕ ನ್ಯೂ ಟೌನಿನ ಒಂದು ಚಿಕ್ಕ ಕಂಪನಿಗೆ ಸೇರಿದಳು. ಹಳೆಯ ಕಾರ್ಖಾನೆಗಳ ಹಳೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕಂಪನಿ. ಅವಳ ನೋಟ್‌ಬುಕ್ ಅಲ್ಲಿ ದಿನವೂ ಉಪಯೋಗಕ್ಕೆ ಬರುತ್ತದೆ. ಕೆಲಸದಲ್ಲಿ ಎಲ್ಲರೂ ಅವಳನ್ನು ಹೊಗಳುತ್ತಾರೆ, ಆದರೆ ಸ್ವಲ್ಪ ಬಿಗಿ ಸ್ವಭಾವದವಳು ಅನ್ನುತ್ತಾರೆ. ಯಾರು ಏನೇ ಬಾಯಲ್ಲಿ ಹೇಳಿದರೂ "ಅದನ್ನ ಈಮೇಲಲ್ಲಿ ಹಾಕ್ಬಿಡಿ" ಎನ್ನುತ್ತಾಳೆ. ಮಧ್ಯಾಹ್ನ ಒಬ್ಬಳೇ ಊಟ ಮಾಡುತ್ತಾಳೆ.

ಹೋದ ತಿಂಗಳು ಹೆಬ್ಬಾಳದಲ್ಲಿ ಯಲಹಂಕದ ಬಸ್ಸು ಹತ್ತಿ ಕೂತಾಗ ಪಕ್ಕದ ಸೀಟಿನಲ್ಲಿ ರಾಣಿ ಕೂತಿದ್ದಳು. ಸ್ವಲ್ಪ ಸೊರಗಿದ್ದಳು. ಕೊಡಿಗೇಹಳ್ಳಿ ದಾಟಿದ ಮೇಲೆ ರಾಣಿಯೇ ಮಾತು ತೆಗೆದಳು.

"ಮಗಳು ನಿನ್ನ ಕೇಳ್ತಿರ್ತಾಳೆ ರಾಧಕ್ಕ. ಇನ್ನೂ ಕೋಪಾನಾ?"

"ಕೋಪ ಇಲ್ಲ. ಇದ್ದಿದ್ರೆ ಯಾವತ್ತೋ ಜಗಳ ಆಡಿ ಮುಗೀತಿತ್ತು. ಮಗಳು ಚೆನ್ನಾಗಿದಾಳಾ?"

"ಪಿಯುಸಿ ಈಗ. ಒಂದ್ಸಲ ಮನೆಗೆ ಬಾ."

"ನೀವ್ ಕರೆದಾಗ ಬರಬೇಕು ಅನ್ಸುತ್ತೆ. ಆಮೇಲೆ ಯಾತಕ್ಕೆ ಕರೀತಿದಾರೋ ಅಂತ ಯೋಚ್ನೆ ಬರುತ್ತೆ. ಅದನ್ನ ನಿಲ್ಸೋಕೆ ನಂಗಾಗ್ತಿಲ್ಲ."

ರಾಣಿ ಕಿಟಕಿಯ ಕಡೆ ತಿರುಗಿದಳು. ಕೋಗಿಲು ಕ್ರಾಸಿನಲ್ಲಿ ರಾಧಾಮಣಿ ಇಳಿದಳು. ಅಂಗಡಿಯಲ್ಲಿ ಸುಬ್ರಮಣಿ "ಯಾಕೆ ಮುಖ ಇಂಗಾಗೈತೆ?" ಎಂದು ಕೇಳಿದ. ರಾಣಿ ಸಿಕ್ಕಿದ್ದನ್ನು ಹೇಳದೆ, ಬಸ್ಸಿನಲ್ಲಿ ನಿಂತೇ ಬಂದೆ, ಕಾಲು ನೋವು ಎಂದು ಸುಳ್ಳು ಹೇಳಿ, ಮನೆಗೆ ಹೋಗಿ ಅನ್ನಕ್ಕಿಟ್ಟಳು.